ಗ್ಯಾಸ್-ಕರೆಂಟ್ ಕಂಪನಿ ಮುಚ್ಚಿಹೋದರೆ ಅಕೌಂಟಿನಲ್ಲಿರುವ ನಮ್ಮ ಕ್ರೆಡಿಟ್ ಏನಾಗುತ್ತೆ? ಬ್ರಿಟನ್ ಕನ್ನಡಿಗರ ಚರ್ಚೆ

ರೀಡಿಂಗ್_ಹೊಸಬ

ಎಲ್ಲರಿಗೂ ನಮಸ್ಕಾರ. ನಮಗೆ ಇಲ್ಲಿ ಇದು ಎರಡನೇ ಚಳಿಗಾಲ. ಮನೆಗೆ ಗ್ಯಾಸ್, ಕರೆಂಟ್ ಎರಡನ್ನೂ ಕೊಡುತ್ತಿರೋದು ಒಂದು ಸಣ್ಣ ಕಂಪನಿ. ಅದರ ಹಣಕಾಸು ಸರಿಯಿಲ್ಲ, ಯಾವಾಗ ಬೇಕಾದರೂ ಬಾಗಿಲು ಹಾಕಬಹುದು ಅಂತ ಆಫೀಸಿನಲ್ಲಿ ಇಬ್ಬರು ಹೇಳಿದರು. ಆ್ಯಪ್ ತೆಗೆದು ನೋಡಿದರೆ ನಮ್ಮ ಹೆಸರಿನಲ್ಲಿ 412 ಪೌಂಡ್ ಕ್ರೆಡಿಟ್ ಇದೆ.

ಬೆಂಗಳೂರಿನಲ್ಲಿದ್ದಾಗ ಕರೆಂಟು ಉರಿಸಿದ ಮೇಲೆ ಬೆಸ್ಕಾಂ ಬಿಲ್ ಬರುತ್ತಿತ್ತು, ಆಮೇಲೆ ಕಟ್ಟುತ್ತಿದ್ದೆವು. ಬೆಸ್ಕಾಂ ದಿವಾಳಿ ಆದರೆ ಅಂತ ಯಾರೂ ಯೋಚಿಸಿದ್ದೇ ಇಲ್ಲ. ಇಲ್ಲಿ ನೋಡಿದರೆ ಬಳಸುವ ಮೊದಲೇ ಅಷ್ಟು ದುಡ್ಡು ಅವರ ಕೈಗೆ ಕೊಟ್ಟಿದ್ದೇವೆ. ಇವತ್ತೇ ಡೈರೆಕ್ಟ್ ಡೆಬಿಟ್ (ಬ್ಯಾಂಕಿನಿಂದ ತಾನಾಗೇ ಕಡಿತವಾಗುವ ಕಂತು) ನಿಲ್ಲಿಸಿ ಬೇರೆ ಕಂಪನಿಗೆ ಹೋಗಿಬಿಡಲಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ_ಸ್ವಿಂಡನ್

ಡೈರೆಕ್ಟ್ ಡೆಬಿಟ್ ನಿಲ್ಲಿಸಬೇಡಿ. ಮೊದಲು ಧೈರ್ಯದ ಮಾತು ಹೇಳಿಬಿಡುತ್ತೇನೆ: ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ನಲ್ಲಿ ಮನೆ ಬಳಕೆಯ ಗ್ರಾಹಕರ ಕ್ರೆಡಿಟ್‌ಗೆ ರಕ್ಷಣೆ ಇದೆ. ಇಂಧನ ನಿಯಂತ್ರಕ ಆಫ್‌ಜೆಮ್ 2016ರಲ್ಲಿ ಇದನ್ನು ತಂದಿತು. ಅದೇ ವರ್ಷ ನವೆಂಬರಿನಲ್ಲಿ ಜಿಬಿ ಎನರ್ಜಿ ಸಪ್ಲೈ ಅನ್ನುವ ಕಂಪನಿ ಮುಚ್ಚಿತು. ಅದರ ಸುಮಾರು 1,60,000 ಗ್ರಾಹಕರನ್ನು ಕೋ-ಆಪರೇಟಿವ್ ಎನರ್ಜಿಗೆ ವರ್ಗಾಯಿಸಿದರು, ಕ್ರೆಡಿಟ್ ಸಮೇತ.

ಕಂಪನಿ ಮುಚ್ಚಿದ ದಿನ ನಿಮ್ಮ ಮನೆಯ ಗ್ಯಾಸು, ಕರೆಂಟು ಒಂದು ಕ್ಷಣವೂ ನಿಲ್ಲುವುದಿಲ್ಲ. ಪೈಪು, ತಂತಿ ಎಲ್ಲ ಬೇರೆ ನೆಟ್‌ವರ್ಕ್ ಕಂಪನಿಗಳದ್ದು. ನಿಮ್ಮ ಸಪ್ಲೈಯರ್ ಬರೀ ಖರೀದಿ ಮಾಡಿ ನಿಮಗೆ ಬಿಲ್ ಹಾಕುವವರು. ಕೆಲವೇ ದಿನಗಳಲ್ಲಿ ಆಫ್‌ಜೆಮ್ ಇನ್ನೊಂದು ಕಂಪನಿಯನ್ನು ನೇಮಿಸುತ್ತೆ. ಇದಕ್ಕೆ ಸಪ್ಲೈಯರ್ ಆಫ್ ಲಾಸ್ಟ್ ರೆಸಾರ್ಟ್ ಅಂತಾರೆ. ನೀವು ಅರ್ಜಿ ಹಾಕುವುದು ಏನೂ ಇಲ್ಲ, ಅವರೇ ನಿಮ್ಮನ್ನು ಸಂಪರ್ಕಿಸುತ್ತಾರೆ.

ಇನ್ನೊಂದು ಉದಾಹರಣೆ 2025ರ ಏಪ್ರಿಲ್‌ನದ್ದು. ರೆಬೆಲ್ ಎನರ್ಜಿ ಮುಚ್ಚಿದಾಗ ಅದರ ಸುಮಾರು 80,000 ಮನೆಗಳು ಬ್ರಿಟಿಷ್ ಗ್ಯಾಸ್‌ಗೆ ಹೋದವು. ಆಗಿನ ಗ್ರಾಹಕರ ಕ್ರೆಡಿಟ್ಟಿನ ಜೊತೆಗೆ, ಆಗಲೇ ಬಿಟ್ಟುಹೋಗಿದ್ದರೂ ದುಡ್ಡು ಬರಬೇಕಾಗಿದ್ದ ಹಳೆಯ ಗ್ರಾಹಕರ ಕ್ರೆಡಿಟ್ಟಿಗೂ ರಕ್ಷಣೆ ಕೊಟ್ಟರು.

ರೀಡಿಂಗ್_ಹೊಸಬ

ತುಂಬಾ ಧನ್ಯವಾದ ಸರ್, ಅರ್ಧ ತಲೆನೋವು ಇಳಿಯಿತು. ಹಾಗಾದರೆ ಸುಮ್ಮನೆ ಕೂತರೆ ಸಾಕಾ?

ತೀರ್ಥಹಳ್ಳಿ_ಸ್ವಿಂಡನ್

ಸುಮ್ಮನೆ ಕೂರುವ ಹಾಗಿಲ್ಲ. ರಕ್ಷಣೆ ಇರೋದು ನಿಜವಾದ ಕ್ರೆಡಿಟ್‌ಗೆ. ಅದು ಎಷ್ಟು ಅಂತ ತೀರ್ಮಾನ ಆಗೋದು ಕಂಪನಿ ಬದಲಾದ ದಿನದ ಮೀಟರ್ ರೀಡಿಂಗ್ ಮೇಲೆ. ಆ್ಯಪ್ ತೋರಿಸುವ 412 ಪೌಂಡನ್ನು ನಂಬಿಕೊಂಡು ಇರಬೇಡಿ. ಕೊನೆಯ ಬಿಲ್ ಅಂದಾಜಿನ ರೀಡಿಂಗ್ ಮೇಲೆ ಬಂದಿದ್ದರೆ, ಅಥವಾ ಬಿಲ್ ಆದ ಮೇಲೆ ಆರು ವಾರ ಹೀಟಿಂಗ್ ಓಡಿದ್ದರೆ, ಆ ಬಳಕೆಯೆಲ್ಲ ಇನ್ನೂ ಅದರಲ್ಲಿ ಕಳೆದಿಲ್ಲ. ಅಂತಿಮ ಬಿಲ್ ಬಂದಾಗ 412 ಇದ್ದದ್ದು 230 ಆಗಬಹುದು. ಆಗ ದುಡ್ಡು ತಿಂದರು ಅಂತ ಅನಿಸುತ್ತೆ, ಆದರೆ ಲೆಕ್ಕ ಸರಿಯಾಗೇ ಇರುತ್ತೆ. ತಪ್ಪು ಲೆಕ್ಕವೂ ಬರಬಹುದು. ಎರಡನ್ನೂ ಬೇರೆ ಮಾಡಿ ನೋಡಲು ನಿಮ್ಮ ಕೈಯಲ್ಲಿ ದಾಖಲೆ ಬೇಕು.

ಇವತ್ತು ರಾತ್ರಿಯೇ ಗ್ಯಾಸ್, ಕರೆಂಟ್ ಎರಡೂ ಮೀಟರಿನ ಫೋಟೋ ತೆಗೆಯಿರಿ. ಸಂಖ್ಯೆಯ ಜೊತೆಗೆ ಮೀಟರಿನ ಸೀರಿಯಲ್ ನಂಬರೂ ಕಾಣಬೇಕು. ಆ ರೀಡಿಂಗನ್ನು ಆ್ಯಪ್‌ನಲ್ಲಿ ಕೊಡಿ. ಒಂದು ವರ್ಷದ ಬಿಲ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಬ್ಯಾಲೆನ್ಸ್ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಬ್ಯಾಂಕಿನಲ್ಲಿ ಡೈರೆಕ್ಟ್ ಡೆಬಿಟ್ ಹೋದ ದಿನಗಳ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಕಂಪನಿ ಮುಚ್ಚಿದ ಮೇಲೆ ಅವರ ವೆಬ್‌ಸೈಟು, ಆ್ಯಪ್ ಎಷ್ಟು ದಿನ ತೆರೆದಿರುತ್ತೆ ಅಂತ ನಂಬಿಕೊಳ್ಳೋಕಾಗಲ್ಲ.

2021ರಲ್ಲಿ ನಮ್ಮ ಸಪ್ಲೈಯರ್ ಮುಚ್ಚಿದಾಗ ಅಂತಿಮ ಬಿಲ್‌ನಲ್ಲಿ ಗ್ಯಾಸ್ ರೀಡಿಂಗ್ ನಿಜಕ್ಕಿಂತ ತುಂಬಾ ಮೇಲಿತ್ತು. ತಾರೀಖಿರುವ ಫೋಟೋ ಕಳಿಸಿದ್ದರಿಂದ ಹೊಸ ಕಂಪನಿ ಬಿಲ್ ತಿದ್ದಿಸಿ ಕ್ರೆಡಿಟ್ ಸರಿ ಮಾಡಿತು. ಫೋಟೋ ಇಲ್ಲದಿದ್ದರೆ ನಮ್ಮ ಮಾತು, ಅವರ ಅಂದಾಜು ಅಷ್ಟೇ ಉಳಿಯುತ್ತಿತ್ತು.

ಎಡಿನ್‌ಬರಾ_ವಿದ್ಯಾರ್ಥಿ

ನಮ್ಮಲ್ಲಿ ಸ್ಮಾರ್ಟ್ ಮೀಟರ್ ಇದೆ, ರೀಡಿಂಗ್ ತಾನಾಗೇ ಹೋಗುತ್ತಲ್ಲ. ಆದರೂ ಫೋಟೋ ಬೇಕಾ ಅಣ್ಣ?

ತೀರ್ಥಹಳ್ಳಿ_ಸ್ವಿಂಡನ್

ಬೇಕು ಕಣಪ್ಪಾ. ಕಂಪನಿ ಬದಲಾಗುವಾಗ ಸ್ಮಾರ್ಟ್ ಮೀಟರಿನ ರೀಡಿಂಗ್ ಕೆಲವು ದಿನ ಹೊಸಬರಿಗೆ ತಲುಪದೇ ಇರಬಹುದು. ಫೋಟೋ ತೆಗೆಯೋಕೆ ಒಂದು ನಿಮಿಷ.

ಬಿಲ್_ಲೆಕ್ಕಿಗ

ನಾನು ಅಕೌಂಟೆಂಟ್, ಈ ವಿಷಯ ಬಂದಾಗ ಮಾತಾಡದೆ ಇರಲಾರೆ. ‘ರಕ್ಷಣೆ ಇದೆ’ ಅಂದ ತಕ್ಷಣ ಎಲ್ಲರೂ ಬ್ಯಾಂಕ್ ಡೆಪಾಸಿಟ್ ಥರ ಅಂದುಕೊಳ್ಳುತ್ತಾರೆ. ನಿಮ್ಮ ಕ್ರೆಡಿಟ್ ಹಾಗೆ ಪ್ರತ್ಯೇಕ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಮಾಮೂಲಾಗಿ ಅದು ಕಂಪನಿಯ ದುಡ್ಡಿನ ಜೊತೆ ಬೆರೆತಿರುತ್ತೆ. 2021ಕ್ಕೆ ಮುಂಚೆ ಕೆಲವು ಕಂಪನಿಗಳು ಗ್ರಾಹಕರ ಮುಂಗಡವನ್ನೇ ಬಂಡವಾಳ ಮಾಡಿಕೊಂಡು ವ್ಯಾಪಾರ ನಡೆಸಿದವು. ಅಗ್ಗದ ಫಿಕ್ಸ್ ಡೀಲ್ (ಇಂತಿಷ್ಟು ಕಾಲ ದರ ಬದಲಾಗದ ಒಪ್ಪಂದ) ಕೊಟ್ಟು ಗ್ರಾಹಕರನ್ನು ಸೇರಿಸಿಕೊಂಡವು, ಆದರೆ ಮುಂದೆ ಬೇಕಾಗುವ ಗ್ಯಾಸನ್ನು ಮೊದಲೇ ಖರೀದಿಸಿ ಇಡಲಿಲ್ಲ. 2021ರ ಬೇಸಿಗೆಯಿಂದ ಸಗಟು ಗ್ಯಾಸ್ ಬೆಲೆ ಏರಿದಾಗ ಒಂದರ ಹಿಂದೆ ಒಂದು ಬಿದ್ದವು. ಆವ್ರೋ, ಪೀಪಲ್ಸ್ ಎನರ್ಜಿ, ಯುಟಿಲಿಟಿ ಪಾಯಿಂಟ್, ಇಗ್ಲೂ, ಪ್ಯೂರ್ ಪ್ಲಾನೆಟ್... ಒಂದು ವರ್ಷದೊಳಗೆ 29 ಕಂಪನಿ ಹೋದವು, ಸುಮಾರು 40 ಲಕ್ಷ ಮನೆಗಳಿಗೆ ತಟ್ಟಿತು. ಬಲ್ಬ್ ಅನ್ನುವ ಕಂಪನಿ ತುಂಬಾ ದೊಡ್ಡದಾಗಿದ್ದರಿಂದ ಅದನ್ನು ಬೇರೆ ಕಂಪನಿಗೆ ಒಪ್ಪಿಸದೆ ಸರ್ಕಾರದ ದುಡ್ಡಿನಲ್ಲಿ ವಿಶೇಷ ಆಡಳಿತದ ಕೆಳಗೆ ನಡೆಸಿದರು. 2022ರ ಡಿಸೆಂಬರಿನಲ್ಲಿ ಅದನ್ನು ಆಕ್ಟೋಪಸ್ ಎನರ್ಜಿ ಕಂಪನಿ ತೆಗೆದುಕೊಂಡಿತು.

ಹಾಗಾದರೆ ಆ ಕ್ರೆಡಿಟ್ ದುಡ್ಡು ಎಲ್ಲಿಂದ ಬಂತು? ನಮ್ಮೆಲ್ಲರಿಂದ. ಗ್ರಾಹಕರನ್ನು ತೆಗೆದುಕೊಂಡ ಕಂಪನಿ ತನಗಾದ ಖರ್ಚನ್ನು ಉದ್ಯಮದ ಲೆವಿಯಿಂದ, ಅಂದರೆ ವಂತಿಗೆಯಿಂದ ವಾಪಸ್ ಕೇಳಬಹುದು, ಆ ಲೆವಿ ಎಲ್ಲರ ಬಿಲ್ಲಿನಲ್ಲಿ ಬರುತ್ತೆ. ಬಲ್ಬ್ ಬಿಟ್ಟು ಉಳಿದ 28 ಕಂಪನಿಗಳ ಖರ್ಚು 270 ಕೋಟಿ ಪೌಂಡ್, ಅಂದರೆ ಮನೆಗೆ ಸುಮಾರು 94 ಪೌಂಡ್ ಅಂತ 2022ರ ಜೂನ್‌ನಲ್ಲಿ ಸರ್ಕಾರದ ಖರ್ಚು ತಪಾಸಣೆ ಮಾಡುವ ನ್ಯಾಷನಲ್ ಆಡಿಟ್ ಆಫೀಸ್ ಲೆಕ್ಕ ಕೊಟ್ಟಿತು. 2022ರ ಏಪ್ರಿಲ್‌ನಲ್ಲಿ ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ (ದಿನಕ್ಕಿಷ್ಟು ಅಂತ ಬೀಳುವ ನಿಗದಿತ ಶುಲ್ಕ) ಒಮ್ಮೆಲೇ ಏರಿದ್ದು ನೆನಪಿದೆಯಲ್ಲ, ಅದಕ್ಕೆ ಇದೂ ಒಂದು ದೊಡ್ಡ ಕಾರಣ. ಒಂದೇ ಕೋಣೆಯಲ್ಲಿ ಲೆಕ್ಕ ಹಾಕಿ ಹೀಟರ್ ಹಚ್ಚಿಕೊಂಡಿದ್ದ ಮುದುಕರೂ ಅದನ್ನು ಕಟ್ಟಿದರು. ಸ್ಟ್ಯಾಂಡಿಂಗ್ ಚಾರ್ಜ್ ಬಳಕೆ ನೋಡಿ ಬರುವುದಿಲ್ಲ. ಇದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಅನಿಸುತ್ತೆ.

ಮಿಲ್ಟನ್‌ಕೀನ್ಸ್_ಅಕ್ಕ

ಅನ್ಯಾಯವೇ. ಆದರೆ ಈಗ ನಿಯಮ ಬಿಗಿ ಮಾಡಿದ್ದಾರಲ್ವಾ?

ಬಿಲ್_ಲೆಕ್ಕಿಗ

ಮಾಡಿದ್ದಾರೆ ಮೇಡಂ. ಅಗತ್ಯ ಕಂಡರೆ ಗ್ರಾಹಕರ ಕ್ರೆಡಿಟ್ಟನ್ನು ಪ್ರತ್ಯೇಕವಾಗಿ ತೆಗೆದಿಡು ಅಂತ ಕಂಪನಿಗೆ ಆದೇಶಿಸುವ ಅಧಿಕಾರ ಈಗ ಆಫ್‌ಜೆಮ್‌ಗೆ ಇದೆ. 2025ರ ಮಾರ್ಚ್ ಕೊನೆಯಿಂದ ಬಂಡವಾಳದ ನಿಯಮವೂ ಇದೆ: ಗ್ಯಾಸ್, ಕರೆಂಟ್ ಎರಡನ್ನೂ ಪಡೆಯುವ ಪ್ರತಿ ಗ್ರಾಹಕನಿಗೆ 115 ಪೌಂಡ್ ಗುರಿ. ಅದು ತಲುಪದ ಕಂಪನಿಯ ಮೇಲೆ ನಿಗಾ, ನಿರ್ಬಂಧ. ಒಳ್ಳೆಯ ಹೆಜ್ಜೆ. ಆದರೂ ರೆಬೆಲ್ ಮುಚ್ಚಿದ್ದು ಆ ನಿಯಮ ಬಂದ ಬೆನ್ನಿಗೇ. ನಿಯಮ ಬಂತು ಅಂತ ನಾವು ಕ್ರೆಡಿಟ್ ಬೆಳೆಸಿಕೊಂಡು ಕೂರಬಾರದು.

ಮಿಲ್ಟನ್‌ಕೀನ್ಸ್_ಅಕ್ಕ

ನಾನು ಹೇಳಬೇಕಾಗಿದ್ದೂ ಅದೇ. ಕ್ರೆಡಿಟ್ ಎಷ್ಟಿದ್ದರೆ ಸರಿ ಅಂತ ಯಾರೂ ಹೇಳಿಕೊಡುವುದಿಲ್ಲ. ತಿಂಗಳಿಗೆ 150 ಪೌಂಡ್ ಡೈರೆಕ್ಟ್ ಡೆಬಿಟ್ ಇದೆ ಅಂತಿಟ್ಟುಕೊಳ್ಳಿ, ವರ್ಷಕ್ಕೆ 1,800. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಬಳಕೆ ತಿಂಗಳಿಗೆ 90 ಇದ್ದರೆ ತಿಂಗಳಿಗೆ 60ರ ಹಾಗೆ ಆರು ತಿಂಗಳಲ್ಲಿ 360 ಉಳಿಯುತ್ತೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೆ 210ರಷ್ಟು ಉರಿದರೆ ಆ 360 ಪೂರ್ತಿ ಕರಗುತ್ತೆ. ಹೀಗೆ ಸೆಪ್ಟೆಂಬರ್ ಕೊನೆಗೆ 360 ಕ್ರೆಡಿಟ್ ಇದ್ದರೆ ಅದು ಸಹಜ, ಅದನ್ನು ವಾಪಸ್ ಕೇಳಿದರೆ ಜನವರಿಯಲ್ಲಿ ಸಾಲ ಬೀಳುತ್ತೆ. ಅದೇ 360 ಏಪ್ರಿಲ್ ಶುರುವಿನಲ್ಲೂ ಹಾಗೇ ಇದ್ದರೆ ನಿಮ್ಮ ಡೈರೆಕ್ಟ್ ಡೆಬಿಟ್ ಹೆಚ್ಚಾಯಿತು ಅಂತ ಅರ್ಥ.

ನಾನು ಪ್ರತಿ ವರ್ಷ ಯುಗಾದಿ ಆಸುಪಾಸಿನಲ್ಲಿ ರೀಡಿಂಗ್ ಕೊಟ್ಟು, ಬಿಲ್ ಮಾಡಿಸಿ, ಉಳಿದದ್ದನ್ನು ವಾಪಸ್ ಕೇಳುತ್ತೇನೆ. ಕೇಳಿದರೆ ಕೊಡಬೇಕು ಅಂತ ನಿಯಮವೇ ಇದೆ. ಕೊಡದಿದ್ದರೆ ಸರಿಯಾದ ಕಾರಣ ಹೇಳಬೇಕು. ತಿಂಗಳ ಮೊತ್ತವನ್ನೂ ಕಡಿಮೆ ಮಾಡಲು ಕೇಳಬಹುದು, ಅದು ಹೇಗೆ ಬಂತು ಅಂತ ಅವರು ಲೆಕ್ಕ ತೋರಿಸಬೇಕು.

ಹೊಸಬ ತಮ್ಮಾ, ನಿನ್ನದು ನವೆಂಬರಿನಲ್ಲಿ 412 ಅಂದರೆ ನಿನ್ನ ಬಳಕೆ ನೋಡದೆ ಹೆಚ್ಚು ಅಂತ ಹೇಳೋಕೆ ಬರಲ್ಲ. ಮೊದಲು ಇವತ್ತಿನ ರೀಡಿಂಗ್ ಮೇಲೆ ಬಿಲ್ ಮಾಡಿಸು.

ಕುಡ್ಲ_ಕಾರ್ಡಿಫ್

ಇನ್ನೊಂದು ದಾರಿ ಉಂಟು. ಕೆಲವು ಕಂಪನಿಗಳಲ್ಲಿ ವೇರಿಯಬಲ್ ಡೈರೆಕ್ಟ್ ಡೆಬಿಟ್ ಸಿಗ್ತದೆ, ಆಯಾ ತಿಂಗಳು ಬಳಸಿದಷ್ಟೇ ಕಡಿಯುವುದು. ಆಗ ಕ್ರೆಡಿಟ್ ಅಂತ ಬೆಳೆಯುವುದೇ ಇಲ್ಲ. ನಾವು ಹಾಗೇ ಮಾಡಿಕೊಂಡಿದ್ದೇವೆ. ಜನವರಿ ಬಿಲ್ ದೊಡ್ಡದು ಬರ್ತದೆ, ಅದಕ್ಕೆ ಬೇಸಿಗೆಯಲ್ಲಿ ನಮ್ಮದೇ ಸೇವಿಂಗ್ಸ್‌ನಲ್ಲಿ ಬೇರೆ ತೆಗೆದಿಡುವುದು. ಬಡ್ಡಿಯೂ ನಮಗೇ. ಸ್ಮಾರ್ಟ್ ಮೀಟರ್ ಇದ್ದರೆ ಇದು ಭಾರಿ ಸುಲಭ.

ಆದರೆ ಬಿಲ್ ಬಂದ ಮೇಲೆ ನಾನೇ ಕಟ್ಟುತ್ತೇನೆ ಅನ್ನುವ ವ್ಯವಸ್ಥೆಗೆ ಹೋಗಬೇಡಿ, ಅದರ ದರ ಸಾಮಾನ್ಯವಾಗಿ ಡೈರೆಕ್ಟ್ ಡೆಬಿಟ್‌ಗಿಂತ ಹೆಚ್ಚು ಇರ್ತದೆ.

ಮಿಲ್ಟನ್‌ಕೀನ್ಸ್_ಅಕ್ಕ

ಒಪ್ಪಿದೆ, ಆದರೆ ಎಲ್ಲರಿಗೂ ಆಗಲ್ಲ. ಒಂದೇ ಸಂಬಳದಲ್ಲಿ ಬಾಡಿಗೆ, ಮಕ್ಕಳ ನರ್ಸರಿ ಫೀಸು ಕಟ್ಟುವ ಮನೆಗೆ ಜನವರಿಯಲ್ಲಿ ಒಮ್ಮೆಲೇ 250 ಹೋದರೆ ತಿಂಗಳೇ ತಪ್ಪಿಹೋಗುತ್ತೆ. ಅಂಥವರಿಗೆ ಸಮನಾಗಿ ಹಂಚಿದ ಕಂತೇ ಆಸರೆ. ಅವರು ವಸಂತದಲ್ಲೊಮ್ಮೆ ಲೆಕ್ಕ ನೋಡಿದರೆ ಸಾಕು.

ಧಾರವಾಡ_ಪೇಡೆ

ನಂದೊಂದು ಪ್ರಶ್ನೆ ಐತ್ರಿ. ಲೆಸ್ಟರ್‌ನ್ಯಾಗ ನಮ್ದೊಂದು ಸಣ್ಣ ಹೋಟೆಲ್ ಐತಿ. ಮನಿ ಕನೆಕ್ಷನ್ ಬ್ಯಾರೆ, ಹೋಟೆಲ್ ಕನೆಕ್ಷನ್ ಬ್ಯಾರೆ. ಹೋಟೆಲ್ ಅಕೌಂಟಿನ್ಯಾಗೂ ಸಾವಿರದ ಮ್ಯಾಲೆ ಕ್ರೆಡಿಟ್ ಕುಂತೈತ್ರಿ. ಅದಕ್ಕೂ ಇದ ರಕ್ಷಣೆ ಸಿಗ್ತೈತೇನ್ರಿ?

ಬಿಲ್_ಲೆಕ್ಕಿಗ

ಇದು ಎಲ್ಲರೂ ಓದಬೇಕಾದ ಪ್ರಶ್ನೆ ಸರ್. ಇಲ್ಲ, ಆ ಭರವಸೆ ಇರೋದು ಮನೆ ಗ್ರಾಹಕರಿಗೆ ಮಾತ್ರ. ವ್ಯಾಪಾರದ ಕನೆಕ್ಷನ್‌ನ ಕ್ರೆಡಿಟ್ ಉಳಿಯುತ್ತೆ ಅಂತ ಖಾತ್ರಿ ಇಲ್ಲ. ಹೊಸ ಕಂಪನಿ ಒಪ್ಪಿಕೊಂಡರೆ ಸರಿ, ಇಲ್ಲದಿದ್ದರೆ ದಿವಾಳಿಯಾದ ಕಂಪನಿಯ ಲೆಕ್ಕ ತೀರಿಸುವ ಅಡ್ಮಿನಿಸ್ಟ್ರೇಟರ್ ಹತ್ತಿರ, ಆ ಕಂಪನಿಯಿಂದ ದುಡ್ಡು ಬರಬೇಕಾದ ಉಳಿದವರ ಸಾಲಿನಲ್ಲಿ ನಿಂತು ಕ್ಲೇಮ್ ಹಾಕಬೇಕು. ಅಲ್ಲಿ ಪೂರ್ತಿ ದುಡ್ಡು ಬರುವುದು ಅಪರೂಪ. ಪ್ರೈಸ್ ಕ್ಯಾಪ್ (ಆಫ್‌ಜೆಮ್ ಹಾಕುವ ದರದ ಮಿತಿ) ಕೂಡ ವ್ಯಾಪಾರಕ್ಕೆ ಅನ್ವಯಿಸುವುದಿಲ್ಲ, ಹಾಗಾಗಿ ಹೊಸ ಕಂಪನಿಯ ದರ ಜೋರಾಗಿರಬಹುದು. ಹೋಟೆಲಿನ ಆ ಸಾವಿರ ಪೌಂಡನ್ನು ಈ ವಾರವೇ ವಾಪಸ್ ಕೇಳಿ.

ಧಾರವಾಡ_ಪೇಡೆ

ಭಾಳ ಉಪಕಾರ ಆತ್ರಿ. ನಾಳೆ ಮುಂಜಾನೆನ ಫೋನ್ ಹಚ್ಚತೇನ್ರಿ. ನಮ್ಮ ಸಾಲಿನ್ಯಾಗ ಇನ್ನೂ ಮೂರ್ನಾಕು ಮಂದಿ ಅಂಗಡಿಯವ್ರು ಅದಾರ, ಅವ್ರಿಗೂ ಹೇಳ್ತೇನ್ರಿ.

ರೀಡಿಂಗ್_ಹೊಸಬ

ಎಲ್ಲರಿಗೂ ಧನ್ಯವಾದ. ಫೋಟೋ, ಬಿಲ್ ಎಲ್ಲ ತೆಗೆದಿಟ್ಟೆ. ಈಗ ಉಳಿದದ್ದು ಒಂದೇ: ಕಂಪನಿ ಇನ್ನೂ ನಡೆಯುತ್ತಿರುವಾಗಲೇ ಬೇರೆಯವರಿಗೆ ಸ್ವಿಚ್ ಮಾಡಿದರೆ ಲಾಭವಾ ನಷ್ಟವಾ? ನಮ್ಮದು ಫಿಕ್ಸ್ ಡೀಲ್, ದರ ಚೆನ್ನಾಗೇ ಇದೆ.

ತೀರ್ಥಹಳ್ಳಿ_ಸ್ವಿಂಡನ್

ಕಂಪನಿ ನಡೆಯುತ್ತಿರುವಾಗ ಸ್ವಿಚ್ ಮಾಡೋದು ನಿಮ್ಮ ಹಕ್ಕು. ಈಗ ಐದು ಕೆಲಸದ ದಿನಗಳಲ್ಲಿ ಆಗುತ್ತೆ. ಹಳೆಯವರು ಆರು ವಾರದೊಳಗೆ ಅಂತಿಮ ಬಿಲ್ ಕಳಿಸಬೇಕು, ಅದಾಗಿ ಹತ್ತು ಕೆಲಸದ ದಿನಗಳೊಳಗೆ ಕ್ರೆಡಿಟ್ ವಾಪಸ್ ಕೊಡಬೇಕು. ತಪ್ಪಿದರೆ 40 ಪೌಂಡ್ ಪರಿಹಾರ. ಫಿಕ್ಸ್ ಡೀಲ್‌ಗೆ ಎಕ್ಸಿಟ್ ಫೀ, ಅಂದರೆ ಅವಧಿಗೆ ಮುಂಚೆ ಬಿಟ್ಟರೆ ಕಟ್ಟಬೇಕಾದ ಶುಲ್ಕ, ಇದೆಯಾ ನೋಡಿಕೊಳ್ಳಿ. ಬರೀ ಗಾಳಿಸುದ್ದಿ ಕೇಳಿ ಒಳ್ಳೆಯ ದರ ಬಿಟ್ಟು ಎಕ್ಸಿಟ್ ಫೀ ಕಟ್ಟಿ ಓಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಮುಚ್ಚಿದೆ ಅಂತ ಸುದ್ದಿ ಬಂದ ಮೇಲೆ ಸ್ವಿಚ್ ಮಾಡಬೇಡಿ. ಆಫ್‌ಜೆಮ್ ಹೊಸ ಕಂಪನಿಯನ್ನು ನೇಮಿಸಿ, ಅವರು ನಿಮ್ಮನ್ನು ಸಂಪರ್ಕಿಸುವವರೆಗೆ ಕಾಯಿರಿ. ಡೈರೆಕ್ಟ್ ಡೆಬಿಟ್ ಕೂಡ ಅಲ್ಲಿಯವರೆಗೆ ಮುಟ್ಟಬೇಡಿ. ಮಧ್ಯದಲ್ಲಿ ಹಾರಿದರೆ ನಿಮ್ಮ ಅಕೌಂಟು ಮೂರು ಕಂಪನಿಗಳ ನಡುವೆ ಸಿಕ್ಕಿಹಾಕಿಕೊಂಡು ಕ್ರೆಡಿಟ್ ಹುಡುಕುವುದೇ ಕೆಲಸವಾಗುತ್ತೆ. ಹಳೆಯ ಫಿಕ್ಸ್ ದರ ಉಳಿಯುವುದಿಲ್ಲ ಅನ್ನೋದನ್ನು ಈಗಲೇ ಮನಸ್ಸಿಗೆ ತಂದುಕೊಳ್ಳಿ. ಹೊಸಬರು ಡೀಮ್ಡ್ ಕಾಂಟ್ರಾಕ್ಟ್ (ನೀವು ಸಹಿ ಹಾಕದಿದ್ದರೂ ಇದೆ ಅಂತ ಭಾವಿಸುವ ಒಪ್ಪಂದ) ಮೇಲೆ ಹಾಕುತ್ತಾರೆ, ಅದು ಪ್ರೈಸ್ ಕ್ಯಾಪ್ ದಾಟುವ ಹಾಗಿಲ್ಲ. ಅದಕ್ಕೆ ಎಕ್ಸಿಟ್ ಫೀ ಇಲ್ಲ, ಅಲ್ಲಿಂದ ನಿಮಗೆ ಬೇಕಾದ ಕಡೆ ಹೋಗಿ.

ಕ್ರೆಡಿಟ್ ಹೊಸ ಅಕೌಂಟಿಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಹಳೆಯವರ ಲೆಕ್ಕವನ್ನು ಅಡ್ಮಿನಿಸ್ಟ್ರೇಟರ್ ಮುಗಿಸಿ ಕೊಡಬೇಕಲ್ಲ. ತಡವಾಯಿತು ಅನಿಸಿದರೆ ಹೊಸ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. ಎಂಟು ವಾರದಲ್ಲಿ ಪರಿಹಾರ ಸಿಗದಿದ್ದರೆ ದೂರು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ ಎನರ್ಜಿ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದಕ್ಕೆ ಫೀಸಿಲ್ಲ, ಅವರ ತೀರ್ಪು ನೀವು ಒಪ್ಪಿದರೆ ಕಂಪನಿ ಪಾಲಿಸಲೇಬೇಕು.

ಎಡಿನ್‌ಬರಾ_ವಿದ್ಯಾರ್ಥಿ

ನನ್ನ ಗೆಳೆಯರು ನಾಲ್ಕು ಜನ ಒಂದು ಫ್ಲ್ಯಾಟ್‌ನಲ್ಲಿದ್ದಾರೆ, ಅವರದು ಪ್ರೀಪೇಮೆಂಟ್ ಮೀಟರ್, ಮೊದಲೇ ದುಡ್ಡು ತುಂಬಿ ಬಳಸುವುದು. ದುಡ್ಡು ತುಂಬುವ ಹಳೆಯ ಕೀ ನಡೆಯುತ್ತಾ?

ಕುಡ್ಲ_ಕಾರ್ಡಿಫ್

ನಡೀತದೆ. ಮೊದಲಿನ ಹಾಗೇ ಟಾಪ್-ಅಪ್ ಮಾಡ್ತಾ ಇರಿ, ಹೊಸ ಕಂಪನಿ ಹೊಸ ಕೀ ಅಥವಾ ಕಾರ್ಡ್ ಕಳಿಸ್ತದೆ. ಟಾಪ್-ಅಪ್ ರಸೀದಿಗಳನ್ನು ಎಸೆಯಬೇಡಿ. ಮೀಟರ್‌ನಲ್ಲಿರುವ ಬ್ಯಾಲೆನ್ಸಿನ ಫೋಟೋ ಕೂಡ ತೆಗೆದಿಟ್ಟುಕೊಳ್ಳಿ.

ಮನೆಯಲ್ಲಿ ವಯಸ್ಸಾದವರು ಇದ್ದರೆ ಇನ್ನೊಂದು ಮಾತು. ಕಂಪನಿ ಮುಚ್ಚಿದ ಸುದ್ದಿ ಬಂದ ಕೂಡಲೇ ‘ನಿಮ್ಮ ರಿಫಂಡ್ ಕೊಡ್ತೇವೆ, ಬ್ಯಾಂಕ್ ವಿವರ ಕೊಡಿ’ ಅಂತ ಮೋಸದ ಫೋನ್ ಶುರು ಆಗ್ತದೆ. ಕ್ರೆಡಿಟ್ ತಾನಾಗೇ ಬರ್ತದೆ, ಅದಕ್ಕೆ ಯಾರೂ ಫೋನಿನಲ್ಲಿ ಕಾರ್ಡ್ ನಂಬರ್ ಕೇಳುವುದಿಲ್ಲ. ಸಂಶಯ ಬಂದರೆ ಫೋನ್ ಇಟ್ಟು, ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೆ ಮಾಡಿ, 0808 223 1133. ನಮ್ಮ ಅತ್ತೆಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ, ಅವರಿಗೆ ಇದನ್ನು ಮೊದಲೇ ಹೇಳಿಟ್ಟಿದ್ದೇನೆ. ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇರುವವರು, ಚಿಕ್ಕ ಮಕ್ಕಳಿರುವವರು ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್‌ನಲ್ಲಿ (ಹೆಚ್ಚಿನ ಸಹಾಯ ಬೇಕಾದವರ ಪಟ್ಟಿ) ಹೆಸರು ಇದೆಯಾ ಅಂತ ಹೊಸ ಕಂಪನಿಯಲ್ಲಿ ಮತ್ತೆ ಕೇಳಿ ನೋಡಿ.

ಮಿಲ್ಟನ್‌ಕೀನ್ಸ್_ಅಕ್ಕ

ವಾರ್ಮ್ ಹೋಮ್ ಡಿಸ್ಕೌಂಟ್ (ಕಡಿಮೆ ಆದಾಯದ ಮನೆಗಳಿಗೆ ಬಿಲ್ಲಿನಲ್ಲಿ ಸಿಗುವ ರಿಯಾಯಿತಿ) 150 ಪೌಂಡ್ ಬರಬೇಕಾಗಿದ್ದವರೂ ಹೊಸ ಕಂಪನಿಯನ್ನು ಕೇಳಲೇಬೇಕು. ತಾನಾಗೇ ಬರುತ್ತೆ ಅಂತ ಕಾಯಬೇಡಿ. ಹಳೆಯ ಕಂಪನಿಗೆ ಬಾಕಿ ಇದ್ದವರಿಗೂ ಒಂದು ಮಾತು: ಕಂಪನಿ ಮುಚ್ಚಿದರೆ ಸಾಲ ಮನ್ನಾ ಆಗುವುದಿಲ್ಲ, ಹೊಸಬರೋ ಅಡ್ಮಿನಿಸ್ಟ್ರೇಟರೋ ಕೇಳಿಕೊಂಡು ಬರುತ್ತಾರೆ. ಕಟ್ಟಲು ಕಷ್ಟವಾದರೆ ಕಂತು ಕೇಳಿ.

ರೀಡಿಂಗ್_ಹೊಸಬ

ಇವತ್ತಿನ ರೀಡಿಂಗ್ ಮೇಲೆ ಬಿಲ್ ಮಾಡಿಸಿದೆ ಅಕ್ಕ. 412 ಇದ್ದದ್ದು 268ಕ್ಕೆ ಇಳಿಯಿತು. ಚಳಿಗಾಲ ಮುಂದಿದೆ, ನಿಮ್ಮ ಲೆಕ್ಕದ ಪ್ರಕಾರ ಅದನ್ನು ಅಲ್ಲೇ ಬಿಡುತ್ತೇನೆ. ಸ್ವಿಚ್ ಮಾಡುವುದಿಲ್ಲ. ಆದರೆ ಫೆಬ್ರವರಿಯಲ್ಲಿ ಈ ಮನೆ ಖಾಲಿ ಮಾಡುತ್ತಿದ್ದೇವೆ, ಆಗ ಏನಾದರೂ ವಿಶೇಷ ಮಾಡಬೇಕಾ?

ತೀರ್ಥಹಳ್ಳಿ_ಸ್ವಿಂಡನ್

ಮನೆ ಬಿಡುವ ದಿನ ಕೀಲಿ ಕೊಡುವ ಮೊದಲು ಎರಡೂ ಮೀಟರಿನ ಫೋಟೋ ತೆಗೆದು ಅದೇ ದಿನ ಕಂಪನಿಗೆ ಕಳಿಸಿ. ಲೆಟಿಂಗ್ ಏಜೆಂಟ್‌ಗೂ ಇಮೇಲ್ ಮಾಡಿ. ಹೊಸ ವಿಳಾಸವನ್ನು ಬರವಣಿಗೆಯಲ್ಲಿ ಕೊಡಿ, ರಿಫಂಡ್ ಡೈರೆಕ್ಟ್ ಡೆಬಿಟ್ ಹೋಗುವ ಬ್ಯಾಂಕ್ ಅಕೌಂಟಿಗೇ ಹಾಕಿ ಅಂತ ಕೇಳಿ. ಹಳೆಯ ವಿಳಾಸಕ್ಕೆ ಚೆಕ್ ಹೋದರೆ ಹುಡುಕಾಟ ತಪ್ಪಿದ್ದಲ್ಲ. ಅಂತಿಮ ಬಿಲ್ ಬರುವ ಮೊದಲೇ ಕಂಪನಿ ಮುಚ್ಚಿದರೆ, ಆಫ್‌ಜೆಮ್ ನೇಮಿಸಿದ ಕಂಪನಿಗೆ ನೀವೇ ಬರೆಯಿರಿ: ಹಳೆಯ ಅಕೌಂಟ್ ನಂಬರ್, ಬಿಟ್ಟ ಮನೆಯ ವಿಳಾಸ, ಬಿಟ್ಟ ತಾರೀಖು, ಎರಡು ಫೋಟೋ. ಹಾಲಿ ಗ್ರಾಹಕರಿಗೆ ಪತ್ರ ತಾನಾಗೇ ಹೋಗುತ್ತೆ, ಬಿಟ್ಟುಹೋದವರಿಗೆ ಹಾಗೆ ಹೋಗುತ್ತೆ ಅಂತ ನಂಬಿಕೊಂಡು ಕೂರಬೇಡಿ.